ಪೆನ್‌ಡ್ರೈವ್‌ಗೆ ಲಿನಕ್ಸ್ ಹಾಕಿದ್ರೂ ವಿಂಡೋಸೇ ಓಪನ್ ಆಗುತ್ತೆ, ಏನ್ ಮಾಡ್ಲಿ?

ಮೂಡಿಗೆರೆಯ ಓದುಗರೊಬ್ರು ಕೇಳಿದಾರೆ: ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ (ವಿಂಡೋಸ್ ಥರದ್ದೇ ಒಂದು ಫ್ರೀ ಆಪರೇಟಿಂಗ್ ಸಿಸ್ಟಮ್) ಹಾಕೋಣ ಅಂತ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಕಾಪಿ ಮಾಡ್ಕೊಂಡೆ, ಆನ್ ಮಾಡಿದ್ರೆ ಸೀದಾ ವಿಂಡೋಸ್‌ಗೇ ಹೋಗುತ್ತೆ, ಯಾಕೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತ್ಮೇಲೆ ಹಾಸನ, ಚಿಕ್ಕಮಗಳೂರು ಕಡೆ ಸುಮಾರು ಜನ ಇದನ್ನೇ ಕೇಳ್ತಿದಾರೆ. ನೀವು ಡೌನ್‌ಲೋಡ್ ಮಾಡಿದ ಐಎಸ್ಒ ಫೈಲನ್ನ (ಇಡೀ ಲಿನಕ್ಸ್ ಒಂದೇ ಫೈಲಲ್ಲಿ ತುಂಬಿರೋದು) ಫೋಟೋ ಕಾಪಿ ಮಾಡ್ದಂಗೆ ಎಳೆದು ಹಾಕಿರ್ತೀರ, ಆಗ ಪೆನ್‌ಡ್ರೈವಲ್ಲಿ ಒಂದು ದೊಡ್ಡ ಫೈಲ್ ಇರುತ್ತೆ ಅಷ್ಟೇ, ಕಂಪ್ಯೂಟರ್‌ಗೆ ಅದರಿಂದ ಬೂಟ್ ಆಗೋಕೆ, ಅಂದ್ರೆ ಶುರುವಾಗೋಕೆ, ಏನೂ ಸಿಗಲ್ಲ. ರೂಫಸ್ ಅಥವಾ ಎಚರ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಅದನ್ನ ಪೆನ್‌ಡ್ರೈವ್‌ಗೆ ರೈಟ್ ಮಾಡ್ಬೇಕು. 8 ಜಿಬಿದು ಸಾಕು, ಆದ್ರೆ ಅದ್ರಲ್ಲಿರೋದೆಲ್ಲ ಅಳಿಸಿ ಹೋಗುತ್ತೆ, ಮದುವೆ ಫೋಟೋ ಗೀಟೋ ಇದ್ರೆ ಮೊದ್ಲೇ ತೆಗೆದಿಡಿ.

ಆಮೇಲೆ ಪೆನ್‌ಡ್ರೈವ್ ಚುಚ್ಚಿ ರೀಸ್ಟಾರ್ಟ್ ಕೊಡಿ. ಶಟ್‌ಡೌನ್ ಬೇಡ, ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ವಿಂಡೋಸ್ ಪೂರ್ತಿ ಆಫ್ ಆಗಲ್ಲ, ಅರ್ಧ ನಿದ್ದೇಲಿರುತ್ತೆ. ಕಂಪನಿ ಲೋಗೋ ಬರ್ತಿದ್ದಂಗೆ ಬೂಟ್ ಮೆನು (ಯಾವುದರಿಂದ ಶುರುವಾಗ್ಬೇಕು ಅನ್ನೋ ಲಿಸ್ಟ್) ಬರೋ ಕೀ ಒತ್ತತಾ ಇರಿ: ಡೆಲ್, ಲೆನೊವೊಗೆ ಸಾಮಾನ್ಯವಾಗಿ ಎಫ್12, ಎಚ್‌ಪಿಗೆ ಎಫ್9, ಆಸುಸ್‌ಗೆ ಎಸ್ಕೇಪ್. ಏಸರಲ್ಲಿ ಎಫ್12 ಬೂಟ್ ಮೆನುನ ಕೆಲವ್ಸಲ ಬಯೋಸ್‌ಗೆ (ವಿಂಡೋಸ್ ಶುರುವಾಗೋಕೆ ಮುಂಚಿನ ಸೆಟ್ಟಿಂಗ್ಸ್) ಹೋಗಿ ಆನ್ ಮಾಡ್ಬೇಕಾಗುತ್ತೆ. ಲಿಸ್ಟಲ್ಲಿ ನಿಮ್ ಪೆನ್‌ಡ್ರೈವ್ ಹೆಸ್ರು ಬರುತ್ತೆ, ಅದನ್ನ ಆರಿಸಿ.

ಬೂಟ್ ಆದ್ರೆ ತಕ್ಷಣ ಇನ್‌ಸ್ಟಾಲ್ ಒತ್ತಬೇಡಿ ಮಾರಾಯ್ರೇ. ಪೆನ್‌ಡ್ರೈವಿಂದ್ಲೇ ಓಡ್ತಿರುತ್ತೆ, ಹಾರ್ಡ್‌ಡಿಸ್ಕ್ ಮುಟ್ಟಿರಲ್ಲ, ಸ್ವಲ್ಪ ನಿಧಾನ ಇರುತ್ತೆ ಅಷ್ಟೇ. ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಟಚ್‌ಪ್ಯಾಡ್ ಕೆಲ್ಸ ಮಾಡುತ್ತಾ ನೋಡ್ಕೊಳ್ಳಿ.

ಇನ್‌ಸ್ಟಾಲ್ ಮಾಡೋವಾಗ ಒಂದು ಪೇಜಲ್ಲಿ ವಿಂಡೋಸ್ ಜೊತೆಗೇ ಹಾಕ್ಬೇಕಾ, ಇಲ್ಲ ಡಿಸ್ಕ್ ಪೂರ್ತಿ ಇರೇಸ್ ಮಾಡ್ಬೇಕಾ ಅಂತ ಕೇಳುತ್ತೆ. ಜನ ಕೈ ಸುಟ್ಕೊಳ್ಳೋದು ಇಲ್ಲೇ. ಇರೇಸ್ ಅಂದ್ರೆ ಡಿ ಡ್ರೈವೂ ಹೋಗುತ್ತೆ, ಸಿ ಮಾತ್ರ ಅಲ್ಲ. ಜೊತೆಗೇ ಇಟ್ಕೊಳ್ಳೋರು ಡಿಸ್ಕ್‌ಗೆ ಬೀಗ ಹಾಕೋ ವಿಂಡೋಸಿನ ಬಿಟ್‌ಲಾಕರ್ ಆನ್ ಇದ್ಯಾ ನೋಡಿ, ಇದ್ರೆ ಆ ಬೀಗ ತೆಗೆಯೋ 48 ಅಂಕಿಯ ರಿಕವರಿ ಕೀ ಪೇಪರ್ ಮೇಲೆ ಬರ್ಕೊಳ್ಳಿ, ಆ ಲ್ಯಾಪ್‌ಟಾಪಲ್ಲೇ ಸೇವ್ ಮಾಡಿಟ್ರೆ ಏನ್ ಬಂತು.

ಇನ್ನು ನಿಮ್ ಕಡೆ ಮಳೆಗಾಲದಲ್ಲಿ ಕರೆಂಟ್ ಕಥೆ ಗೊತ್ತಲ್ಲ, ಬ್ಯಾಟರಿ ಫುಲ್ ಇಟ್ಕೊಂಡೇ ಶುರು ಮಾಡಿ, ಹಳೇ ಲ್ಯಾಪ್‌ಟಾಪ್ ಬ್ಯಾಟರಿ ನಿಲ್ಲಲ್ಲ ಅಂದ್ರೆ ಮಳೆ ಬಿಟ್ಟಿರೋ ದಿನ ನೋಡ್ಕೊಳ್ಳಿ. ಕೊನೇಲಿ ಪೆನ್‌ಡ್ರೈವ್ ತೆಗೆದು ಎಂಟರ್ ಒತ್ತಿ ಅಂತ ಬರುತ್ತೆ, ಆಗ್ಲೇ ತೆಗೀರಿ, ಅದಕ್ಕೆ ಮುಂಚೆ ಬೇಡ.