ಗಾಯ ಯುದ್ಧದ್ದೇ ಅಂತ ಸಾಬೀತು ಮಾಡಬೇಕಾದವರು ಯಾರು?

ಮೊದಲ ಮಹಾಯುದ್ಧಕ್ಕೆ ಸೇರಿದ ಆಸ್ಟ್ರೇಲಿಯಾದ ಸೈನಿಕರ ಕಡತಗಳು ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಸುಮಾರು 3,76,000 ಕಡತ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಹಾಕಿದ್ದಾರೆ, ಯಾರು ಬೇಕಾದರೂ ಓದಬಹುದು. ಗಾಯಗೊಂಡವನ ಕಡತ ತೆರೆದರೆ ಒಂದು ಹಾಳೆಯಲ್ಲಿ ತಾರೀಖು, ಜಾಗ, ಅದರ ಮುಂದೆ ಮೂರಕ್ಷರ ಕಾಣುತ್ತದೆ: ಜಿ.ಎಸ್.ಡಬ್ಲ್ಯು. ಗುಂಡೇಟಿನ ಗಾಯ ಅಂತ ಅರ್ಥ. ಪಕ್ಕದಲ್ಲಿ ಎಡತೊಡೆ ಅಂತಲೋ ಬಲಗೈ ಅಂತಲೋ ಇರುತ್ತದೆ, ಅಷ್ಟೇ. ಶೆಲ್ಲಿನ ಚೂರು ಹೊಕ್ಕಿದ್ದರೂ ಬಹಳ ಸಲ ಅದನ್ನೇ ಬರೆಯುತ್ತಿದ್ದರು. ಆ ಮೂರಕ್ಷರ ಬರೆದಿದ್ದಾರೋ ಇಲ್ಲವೋ ಎನ್ನುವುದರ ಮೇಲೆ ಅವನ ಪಿಂಚಣಿ, ಅಂದರೆ ಮುಂದಿನ ಮೂವತ್ತು ನಲವತ್ತು ವರ್ಷದ ಬದುಕು ನಿಂತಿರುತ್ತಿತ್ತು.

ಆಗ ಆಸ್ಟ್ರೇಲಿಯಾದ ಜನಸಂಖ್ಯೆ 50 ಲಕ್ಷವೂ ಇರಲಿಲ್ಲ. ಅದರಲ್ಲಿ 4,16,000ಕ್ಕೂ ಹೆಚ್ಚು ಜನ ಸೇನೆಗೆ ಸೇರಿದರು. ಹೊರದೇಶಕ್ಕೆ ಯುದ್ಧಕ್ಕೆ ಹೋದವರೆಲ್ಲ ತಾವಾಗಿಯೇ ಸೇರಿದವರು. ಕಡ್ಡಾಯವಾಗಿ ಕಳಿಸಬೇಕೇ ಅಂತ ಸರ್ಕಾರ 1916ರಲ್ಲಿ ಒಮ್ಮೆ, 1917ರಲ್ಲಿ ಇನ್ನೊಮ್ಮೆ ಜನರನ್ನು ಕೇಳಿತು, ಎರಡು ಸಲವೂ ಜನ ಬೇಡ ಅಂದರು. ಸತ್ತವರು 60,000ಕ್ಕೂ ಜಾಸ್ತಿ. ಗಾಯಗೊಂಡವರು, ವಿಷಾನಿಲ ಕುಡಿದವರು, ಸೆರೆಸಿಕ್ಕವರು ಸೇರಿ 1,56,000. ಸತ್ತವರ ಹೆಸರು ಊರೂರಿನ ಸ್ಮಾರಕದ ಕಲ್ಲಿನ ಮೇಲಿದೆ. ನಾನು ಹೇಳಹೊರಟಿರುವುದು ಬದುಕಿ ಬಂದವರ ಕತೆ.

1915ರ ಏಪ್ರಿಲ್ 25ರಂದು ಸೈನಿಕರು ಟರ್ಕಿಯ ಗಲಿಪೊಲಿಯಲ್ಲಿ ಇಳಿದಾಗ ಇಷ್ಟೊಂದು ಜನ ಗಾಯಗೊಳ್ಳುತ್ತಾರೆ ಅಂತ ಯಾರೂ ಸರಿಯಾಗಿ ಲೆಕ್ಕ ಹಾಕಿರಲಿಲ್ಲ. ಆಸ್ಪತ್ರೆ ಹಡಗು ಸಾಲಲಿಲ್ಲ. ಕುದುರೆ, ಹೇಸರಗತ್ತೆ ತಂದಿದ್ದ ಹಡಗುಗಳಲ್ಲೇ ಗಾಯಾಳುಗಳನ್ನು ಮಲಗಿಸಿ ಈಜಿಪ್ಟಿಗೆ ಕಳಿಸಿದರು. ಕೈರೋ ಪಕ್ಕದ ಹೆಲಿಯೊಪೊಲಿಸ್‌ನಲ್ಲಿ ಒಂದು ದೊಡ್ಡ ಐಷಾರಾಮಿ ಹೋಟೆಲೇ ಆಸ್ಪತ್ರೆಯಾಗಿತ್ತು. ಅದೂ ತುಂಬಿದ ಮೇಲೆ ಪಕ್ಕದ ಮನರಂಜನಾ ಪಾರ್ಕಿನಲ್ಲೂ ಮಂಚ ಹಾಕಿದರು.

ಫ್ರಾನ್ಸ್ ಮತ್ತು ಬೆಲ್ಜಿಯಂಗೆ ಹೋಗುವ ಹೊತ್ತಿಗೆ ವ್ಯವಸ್ಥೆ ಸುಧಾರಿಸಿತ್ತು, ಆದರೆ ಗಾಯಗಳೂ ಭೀಕರವಾಗಿದ್ದವು. 1916ರ ಜುಲೈನಲ್ಲಿ ಫ್ರೊಮೆಲ್ ಎಂಬಲ್ಲಿ ಒಂದೇ ರಾತ್ರಿಯಲ್ಲಿ 5,533 ಆಸ್ಟ್ರೇಲಿಯನ್ನರು ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು. ಗಾಯಗೊಂಡವನನ್ನು ಮೊದಲು ಸ್ಟ್ರೆಚರ್ ಹೊರುವವರು ಎತ್ತಿ ತರಬೇಕು. ಸಾಮಾನ್ಯವಾಗಿ ನಾಲ್ಕು ಜನ ಸಾಕು. ಮಾರನೆಯ ವರ್ಷ ಬೆಲ್ಜಿಯಂನ ಪ್ಯಾಶೆಂಡೇಲ್‌ನ ಕೆಸರಲ್ಲಿ ಒಬ್ಬನನ್ನು ಹೊರಲು ಆರು, ಎಂಟು ಜನ ಬೇಕಾಗುತ್ತಿತ್ತು, ಅವರೂ ಮೊಣಕಾಲವರೆಗೆ ಹೂತುಕೊಂಡೇ ನಡೆಯುತ್ತಿದ್ದರು. ಚಿಕಿತ್ಸಾ ಕೇಂದ್ರಕ್ಕೆ ಬಂದ ಮೇಲೆ ಅವನ ಅಂಗಿಗೆ ಒಂದು ಚೀಟಿ ಕಟ್ಟುತ್ತಿದ್ದರು. ಹೆಸರು, ನಂಬರು, ಗಾಯ ಎಲ್ಲಿ, ಮಾರ್ಫಿನ್ ಕೊಟ್ಟಾಯಿತೇ, ಧನುರ್ವಾಯುವಿನ ಚುಚ್ಚುಮದ್ದು ಆಯಿತೇ. ಆ ಚೀಟಿ ಅವನ ಜೊತೆಯಲ್ಲೇ ಆಂಬುಲೆನ್ಸು, ರೈಲು, ಹಡಗು ಹತ್ತಿ ಇಂಗ್ಲೆಂಡಿನ ಆಸ್ಪತ್ರೆಯವರೆಗೂ ಹೋಗುತ್ತಿತ್ತು. ಮನೆಗೆ ಬರುತ್ತಿದ್ದದ್ದು ಮಾತ್ರ ಎರಡು ಸಾಲಿನ ತಂತಿ: ಗಾಯಗೊಂಡಿದ್ದಾನೆ, ಹೆಚ್ಚಿನ ವಿವರ ಬಂದಾಗ ತಿಳಿಸುತ್ತೇವೆ. ಆಮೇಲೆ ವಾರಗಟ್ಟಲೆ ಮೌನ. ಆ ತಾಯಂದಿರು ವಿವರ ಕೇಳಿ ಬರೆದ ಕಾಗದಗಳೂ ಅದೇ ಕಡತಗಳಲ್ಲಿವೆ. ಅವನ್ನು ಓದುವುದು ಕಷ್ಟ.

ಪ್ಯಾಲೆಸ್ಟೈನ್ ಕಡೆಯ ಕತೆ ಬೇರೆ. ಅಲ್ಲಿ ಗಾಯಾಳುಗಳನ್ನು ಒಂಟೆಯ ಎರಡೂ ಪಕ್ಕಕ್ಕೆ ಕಟ್ಟಿದ ತೊಟ್ಟಿಲಿನಂಥ ಆಸನದಲ್ಲಿ ಸಾಗಿಸುತ್ತಿದ್ದರು, ಒಂಟೆ ಹೆಜ್ಜೆ ಇಟ್ಟಾಗಲೆಲ್ಲ ಮುರಿದ ಮೂಳೆ ಕುಲುಕುತ್ತಿತ್ತು. 1918ರಲ್ಲಿ ಹೈಫಾದಲ್ಲಿ ಹೋರಾಡಿದ ನಮ್ಮ ಮೈಸೂರು ಲ್ಯಾನ್ಸರ್ಸ್ ಗೊತ್ತಲ್ವಾ, ಅವರಿದ್ದ ಇಡೀ ಅಶ್ವದಳದ ದಂಡನಾಯಕ ಆಸ್ಟ್ರೇಲಿಯಾದ ಹ್ಯಾರಿ ಶಾವೆಲ್. ಆ ವರ್ಷ ಅವನ ಸವಾರರನ್ನು ಗುಂಡಿಗಿಂತ ಜಾಸ್ತಿ ಕಾಡಿದ್ದು ಮಲೇರಿಯಾ. ಮನೆಗೆ ಬಂದು ವರ್ಷಗಳಾದರೂ ಚಳಿಜ್ವರ ಮತ್ತೆ ಮತ್ತೆ ಬರುತ್ತಿತ್ತು.

ಆ ಜ್ವರ ಯುದ್ಧದ್ದೋ ಅಲ್ಲವೋ? ಇಲ್ಲಿಂದಲೇ ಶುರುವಾಗುತ್ತದೆ ನಿಜವಾದ ತಕರಾರು.

ಪಿಂಚಣಿ ಕಾನೂನು 1914ರಲ್ಲೇ ಬಂದಿತ್ತು. ದುಡಿಯಲು ಪೂರ್ತಿ ಆಗದ ಸಾಮಾನ್ಯ ಸೈನಿಕನಿಗೆ ವರ್ಷಕ್ಕೆ 52 ಪೌಂಡ್. ಸೇನೆಯಲ್ಲಿ ಅವನ ಸಂಬಳ ದಿನಕ್ಕೆ ಆರು ಶಿಲಿಂಗ್, ಅಂದರೆ ವರ್ಷಕ್ಕೆ ಸುಮಾರು 109 ಪೌಂಡ್. ಕಾಲು ಕೊಟ್ಟು ಬಂದವನಿಗೆ ಸಂಬಳದ ಅರ್ಧವೂ ಇಲ್ಲ. ಮೊತ್ತ ಆಮೇಲೆ ಏರಿತು. 1918ರಲ್ಲಿ ಮರಳಿ ಬಂದವರಿಗೆಂದೇ ಒಂದು ಇಲಾಖೆಯೂ ಶುರುವಾಯಿತು. ಕೃತಕ ಕಾಲು, ಕಸುಬಿನ ತರಬೇತಿ, ಸಾಲ, ಜಮೀನು ಎಲ್ಲ ಇತ್ತು. ಜಮೀನಿನ ಯೋಜನೆ ಬಹಳ ಮಂದಿಯ ಪಾಲಿಗೆ ಸೋತಿತು: ತುಂಡು ಚಿಕ್ಕದು, ಮಣ್ಣು ಬಡಕಲು, ಬೆಲೆ ಕುಸಿದಿತ್ತು, ಮೇಲೆ ಸಾಲ. ಅದೇ ಯುದ್ಧದಲ್ಲಿ ಅದೇ ಗುಂಡು ತಿಂದ ಮೂಲನಿವಾಸಿ ಸೈನಿಕರಿಗೆ ಆ ಜಮೀನೂ ಸಿಕ್ಕಿದ್ದು ಅಪರೂಪ. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕಣ್ಣಿಗೆ ಕಾಣುವ ಗಾಯಕ್ಕೆ ವಾದ ಕಡಿಮೆ. ಆದರೆ ಕೆಮ್ಮು? ನಡುಗುವ ಕೈ? ರಾತ್ರಿ ಕೂಗಿಕೊಂಡು ಏಳುವುದು? ಅರ್ಜಿ ಹಾಕಿದವನನ್ನು ವೈದ್ಯರ ಮಂಡಳಿ ಮುಂದೆ ಕೂರಿಸಿ, ಕಡತದಲ್ಲಿ ಇದರ ದಾಖಲೆ ಎಲ್ಲಿದೆ ಅಂತ ಕೇಳುತ್ತಿದ್ದರು. ಗಾಯವಾದರೂ ಕಂದಕ ಬಿಟ್ಟು ಕದಲದವನಿಗೆ ಚೀಟಿಯೇ ಇಲ್ಲ. ಇನ್ನೊಂದು ವಿಷಯ. ಯುದ್ಧ ಮುಗಿದಾಗ ಎಲ್ಲರಿಗೂ ಬೇಗ ಮನೆ ಸೇರುವ ಆತುರ. ಬಿಡುಗಡೆಯ ತಪಾಸಣೆಯಲ್ಲಿ ಏನಾದರೂ ತೊಂದರೆ ಇದೆಯಾ ಅಂದರೆ, ಇದೆ ಅಂದವನು ಆಸ್ಪತ್ರೆಯಲ್ಲಿ ಇನ್ನಷ್ಟು ದಿನ ಉಳಿಯಬೇಕು. ಹಾಗಾಗಿ ಎಷ್ಟೋ ಜನ ಏನೂ ಇಲ್ಲ, ಆರಾಮಾಗಿದ್ದೀನಿ ಅಂದುಬಿಟ್ಟರು. ಹತ್ತು ವರ್ಷದ ನಂತರ ಉಸಿರಾಡಲು ಕಷ್ಟವಾಗಿ ಪಿಂಚಣಿ ಕೇಳಿದಾಗ ಅದೇ ಒಂದು ಸಾಲು ಅವರಿಗೆ ಎದುರಾಗಿ ನಿಂತಿತು. ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಅತಿಹೆಚ್ಚು ಕಾಡುವುದು ಇದೇ.

ಸಂಘಗಳು ಸುಮ್ಮನಿರಲಿಲ್ಲ. 1916ರಲ್ಲೇ ಹುಟ್ಟಿದ ಮಾಜಿ ಸೈನಿಕರ ಸಂಘ, ಈಗಿನ ಆರ್‌ಎಸ್‌ಎಲ್, ಬೆನ್ನು ಬಿಡದೆ ಒತ್ತಾಯಿಸಿತು. 1929ರಲ್ಲಿ ಮೇಲ್ಮನವಿ ಮಂಡಳಿಗಳು ಬಂದವು. ಗಲಿಪೊಲಿಯ ಶೌರ್ಯಕ್ಕೆ ಅತ್ಯುನ್ನತ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದಿದ್ದ ಹ್ಯೂಗೊ ಥ್ರಾಸೆಲ್ 1933ರಲ್ಲಿ ಸಾಲದ ಹೊರೆಯಲ್ಲಿ ತನ್ನ ಜೀವ ತೆಗೆದುಕೊಂಡರು. ಯುದ್ಧದ ಅನುಭವಗಳಿಂದ ತಾನು ಎಂದೂ ಚೇತರಿಸಿಕೊಳ್ಳಲಿಲ್ಲ ಅಂತ ಬರೆದಿಟ್ಟಿದ್ದರು. ಅಂಥ ಹೆಸರುವಾಸಿಗೇ ಹೀಗಾದರೆ ಹೆಸರಿಲ್ಲದ ಸಿಪಾಯಿಯ ಪಾಡೇನು? 1936ರಿಂದ ಹೊಸದೊಂದು ಪಿಂಚಣಿ ಸಿಕ್ಕಿತು. ಗಾಯದ ದಾಖಲೆ ಬೇಡ, ರಣರಂಗದಲ್ಲಿದ್ದು 60 ತುಂಬಿದ್ದರೆ ಸಾಕು. ಯುದ್ಧ ಮನುಷ್ಯನನ್ನು ಬೇಗ ಮುದುಕನನ್ನಾಗಿ ಮಾಡುತ್ತದೆ ಅಂತ ಸರ್ಕಾರ ಒಪ್ಪಿಕೊಂಡ ಹಾಗಾಯಿತು. 1938ರಲ್ಲಿ, ಯುದ್ಧ ಮುಗಿದು 20 ವರ್ಷವಾದಾಗಲೂ, 77,000 ಅಂಗವಿಕಲ ಸೈನಿಕರು ಪಿಂಚಣಿ ಪಡೆಯುತ್ತಿದ್ದರು.

ದೊಡ್ಡ ತಿರುವು 1943ರದು. ಎರಡನೇ ಮಹಾಯುದ್ಧ ನಡೆಯುತ್ತಿತ್ತು, ನ್ಯೂಗಿನಿಯ ಕಾಡಿನಿಂದ ಹೊಸ ಗಾಯಾಳುಗಳು ಬರುತ್ತಿದ್ದರು. ಆಗ ಕಾನೂನು ಬದಲಾಗಿ ಸಾಬೀತಿನ ಹೊರೆ ಸೈನಿಕನ ಹೆಗಲಿಂದ ಇಳಿಯಿತು. ಕಾಯಿಲೆ ಯುದ್ಧದ್ದಲ್ಲ ಅಂತ ತೋರಿಸಬೇಕಾದದ್ದು ಸರ್ಕಾರ. ಅನುಮಾನ ಇದ್ದರೆ ಅದರ ಲಾಭ ಸೈನಿಕನಿಗೆ. ಇದು ಬಹಳ ದೊಡ್ಡ ಮಾತು. ಆದರೆ ಹಾಗೇ ಉಳಿಯಲಿಲ್ಲ. ಸೇನೆಯಲ್ಲಿ ಹತ್ತಿದ ಸಿಗರೇಟಿನ ಚಟದಿಂದ ಬಂದ ಕ್ಯಾನ್ಸರ್ ಕೂಡ ಲೆಕ್ಕಕ್ಕೆ ಬರುತ್ತದೆ ಅಂತ 1981ರಲ್ಲಿ ಅತ್ಯುನ್ನತ ನ್ಯಾಯಾಲಯ ಹೇಳಿದ ಮೇಲೆ ಖರ್ಚಿನ ಚಿಂತೆ ಹುಟ್ಟಿತು. 1985ರಲ್ಲಿ ಕಾನೂನು ಬಿಗಿಯಾಯಿತು. ವಿಯೆಟ್ನಾಂಗೆ ಹೋಗಿದ್ದ ಸುಮಾರು 60,000 ಜನರಲ್ಲಿ ಎಷ್ಟೋ ಮಂದಿ ಏಜೆಂಟ್ ಆರೆಂಜ್ ಎಂಬ ಕಳೆನಾಶಕದಿಂದಲೇ ನಮಗೆ ಹೀಗಾಯಿತು ಅಂತ ಹೋರಾಡುತ್ತಿದ್ದ ಕಾಲವೂ ಅದೇ. ಆ ಬಗ್ಗೆ ಸರ್ಕಾರ ನೇಮಿಸಿದ ವಿಚಾರಣಾ ಆಯೋಗ, ಅಂದರೆ ರಾಯಲ್ ಕಮಿಷನ್, ಅದೇ ವರ್ಷ ರಾಸಾಯನಿಕ ನಿರ್ದೋಷಿ ಅಂದಿತು. ಆ ಸೈನಿಕರು ಇದನ್ನು ಮರೆತಿಲ್ಲ.

1994ರಿಂದ ವೈದ್ಯಕೀಯ ತಜ್ಞರ ಒಂದು ಸಂಸ್ಥೆ ಪ್ರತಿ ಕಾಯಿಲೆಗೂ ಒಂದೊಂದು ಪಟ್ಟಿ ಮಾಡಿಟ್ಟಿದೆ, ಯಾವ ಕಾರಣ ಇದ್ದರೆ ಅದು ಸೇವೆಯಿಂದ ಬಂದದ್ದು ಅಂತ. ಪಟ್ಟಿಯಿಂದ ಒಂದು ಉಪಕಾರ ಆಗಿದೆ, ಒಬ್ಬೊಬ್ಬ ಅಧಿಕಾರಿ ಒಂದೊಂದು ಥರ ಹೇಳುವುದು ತಪ್ಪಿದೆ. ಆದರೂ 2022ರಲ್ಲಿ ಮಾಜಿ ಸೈನಿಕರ ಆತ್ಮಹತ್ಯೆಗಳ ಕುರಿತ ರಾಯಲ್ ಕಮಿಷನ್ ಮಧ್ಯಂತರ ವರದಿ ಕೊಟ್ಟಾಗ 40,000ಕ್ಕೂ ಹೆಚ್ಚು ಅರ್ಜಿಗಳು ಯಾರೂ ಕೈಗೆತ್ತಿಕೊಳ್ಳದೆ ಬಿದ್ದಿದ್ದವು. ಮೂರು ಬೇರೆ ಬೇರೆ ಕಾನೂನುಗಳ ಗೋಜಲು ಅದಕ್ಕೆ ಒಂದು ಕಾರಣ. ಅವನ್ನು ಒಂದುಗೂಡಿಸುವ ಕಾಯ್ದೆ 2025ರಲ್ಲಿ ಪಾಸಾಯಿತು, ಜಾರಿಯ ದಿನ 2026ರ ಜುಲೈ 1. ಅಫ್ಘಾನಿಸ್ತಾನದಿಂದ ಮಂಡಿ ಸವೆಸಿಕೊಂಡು ಬಂದವನೊಬ್ಬ ಇವತ್ತು ಅರ್ಜಿ ಹಾಕಿದರೆ, ಸೇವೆಯಲ್ಲಿ ಅವನು ಒಟ್ಟು ಎಷ್ಟು ಕಿಲೋ ಭಾರ ಎತ್ತಿದ್ದ ಎನ್ನುವುದನ್ನೂ ಲೆಕ್ಕ ಹಾಕಿ ನೋಡುತ್ತಾರೆ.