ತಿಳಿ ಬಣ್ಣದ ಸೀರೆಗಳ ಕೌದಿ ಮಂಕಾಗಿ ಕಾಣೋದು ಯಾಕೆ?

ಪ್ರಶ್ನೆ: ಅತ್ತೆಯವರ ಹಳೇ ಕಾಟನ್ ಸೀರೆಗಳು ಏಳೆಂಟು ಇವೆ. ಎಲ್ಲವೂ ಮೆತ್ತಗಿನವು, ಎಲ್ಲವೂ ತಿಳಿ ಬಣ್ಣದವು: ಕೆನೆ, ತಿಳಿ ಗುಲಾಬಿ, ಬೂದಿ, ಆಕಾಶದ ನೀಲಿ. ಕತ್ತರಿಸಿ ಹೊಂದಿಸಿ ನೋಡಿದರೆ ಡಿಸೈನೇ ಕಾಣುವುದಿಲ್ಲ, ತೊಳೆದು ತೊಳೆದು ಮಾಸಿದ ಒಂದೇ ಬಟ್ಟೆಯ ಥರ ಇದೆ. ನಡುನಡುವೆ ಕಪ್ಪೋ ಮರೂನೋ ಸೇರಿಸಲೇ?

ಸೇರಿಸಬೇಡಿ. ಈಗಲೇ ಅಂತೂ ಬೇಡ.

ದೀಪಾವಳಿಗೆ ಕಪಾಟು ಖಾಲಿ ಮಾಡುವ ಹೊತ್ತಿಗೆ, ಇಲ್ಲಿ ಮುಂಬೈ ಪಕ್ಕದ ಡೊಂಬಿವಲಿಯಿಂದ ಹಿಡಿದು ಪುಣೆಯ ಕೊಥ್ರೂಡ್‌ವರೆಗೆ, ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಬಣ್ಣಗಳ ಹೆಸರು ಮಾತ್ರ ಬೇರೆ. ನಾನೂ ಇದೇ ಹೆದರಿಕೆಯಿಂದ ಒಂದು ಕೌದಿ ಕೆಡಿಸಿದ್ದೇನೆ. ಧಾರವಾಡದಿಂದ ಅವ್ವ ಗಂಟು ಕಟ್ಟಿ ಕಳಿಸಿದ ಸೀರೆಗಳು, ಉಟ್ಟು ಉಟ್ಟು ಬೆಣ್ಣೆಯ ಹಾಗೆ ಆಗಿದ್ದವು. ತುಂಬಾ ಫಿಕಾ ಆಯ್ತು ಅನ್ನಿಸಿ, ಕಟ್‌ಪೀಸ್ ಅಂಗಡಿಯಿಂದ ಹೊಸ ಮರೂನ್ ಬಟ್ಟೆ ತಂದು, ಒಂದು ಸಲ ನೀರಿಗೂ ಹಾಕದೆ ಸುತ್ತಲೂ ನಾಲ್ಕು ಬೆರಳಗಲದ ಪಟ್ಟಿ ಕೊಟ್ಟೆ. ಹಾಸಿ ನೋಡಿದರೆ ಪಟ್ಟಿ ಬಿಟ್ಟು ಬೇರೇನೂ ಕಾಣುತ್ತಿಲ್ಲ. ಹತ್ತು ಜನ ಮೆಲ್ಲಗೆ ಮಾತಾಡುತ್ತಾ ಕೂತ ಕೋಣೆಗೆ ಒಬ್ಬ ತಮಟೆ ಬಾರಿಸುತ್ತಾ ಬಂದ ಹಾಗೆ. ಮೊದಲ ಒಗೆತಕ್ಕೇ ಮರೂನ್ ಬಣ್ಣ ಬಿಟ್ಟು ಕೆನೆ ಬಣ್ಣದ ತುಂಡುಗಳೆಲ್ಲ ಕಲೆಕಲೆ ಗುಲಾಬಿಯಾದವು, ಅದು ಬೇರೆ. ಮುಂದಿನ ಸಲ ಬಂದಾಗ ಅವ್ವ ನೋಡಿ ಹೇಳಿದ್ದು ಇಷ್ಟೇ: “ದೃಷ್ಟಿಬೊಟ್ಟು ಇಡಬೇಕಿತ್ತವಾ, ನೀ ಮಾರಿ ತುಂಬ ಕಾಡಿಗಿ ಬಳದೀ.”

ಗಾಢ ಬಣ್ಣ ಬಂದ ಕೂಡಲೇ ತಿಳಿ ಬಣ್ಣಗಳು ಇನ್ನೂ ಸಪ್ಪೆಯಾಗುವುದಕ್ಕೆ ಕಾರಣ ಇದೆ. ನಮ್ಮ ಕಣ್ಣು ಯಾವ ಬಣ್ಣವನ್ನೂ ಒಂಟಿಯಾಗಿ ನೋಡುವುದಿಲ್ಲ, ಪಕ್ಕದ್ದರ ಜೊತೆ ತೂಗಿಯೇ ನೋಡುತ್ತದೆ. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಮಿಶೆಲ್ ಯುಜೀನ್ ಶೆವ್ರೂಲ್‌ಗೆ ಒಂದು ದೂರು ಬಂದಿತ್ತು. ನೀಲಿ, ನೇರಳೆ ಬಟ್ಟೆಯ ನೆರಳು ತೋರಿಸಲು ನೇಯುವ ಕಪ್ಪು ದಾರ ಕಪ್ಪಾಗಿಯೇ ಕಾಣುವುದಿಲ್ಲ ಅಂತ. ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ಏನೂ ತಪ್ಪಿಲ್ಲ, ಪಕ್ಕದ ನೀಲಿಯಿಂದಾಗಿ ಕಪ್ಪು ಹಾಗೆ ಕಾಣುತ್ತಿದೆ. ಇದನ್ನೇ ಬೆಳೆಸಿ ಆತ 1839ರಲ್ಲಿ ಬಣ್ಣಗಳ ನಿಯಮವಾಗಿ ಪ್ರಕಟಿಸಿದ. ನಿಮ್ಮ ಕೆನೆಗೂ ತಿಳಿ ಗುಲಾಬಿಗೂ ಇರುವುದು ಕೂದಲೆಳೆಯ ವ್ಯತ್ಯಾಸ. ಅವೆರಡೇ ಇದ್ದರೆ ಕಣ್ಣು ಆ ಎಳೆಯನ್ನು ಹುಡುಕುತ್ತದೆ. ಮಧ್ಯೆ ಕಪ್ಪು ಬಂದು ಕೂತರೆ ಉಳಿದದ್ದೆಲ್ಲ ಸೇರಿ ‘ಬಿಳಿ’ ಆಗಿಬಿಡುತ್ತದೆ, ಅಷ್ಟೇ.

ಹಾಗಾದರೆ ಮಂಕು ಎಲ್ಲಿಂದ ಬಂತು? ನಾನು ನೋಡಿದ ಮಟ್ಟಿಗೆ, ಬಣ್ಣ ಬೇರೆ ಬೇರೆ ಇದ್ದರೂ ತಿಳಿಪು ಒಂದೇ ಆಗಿರುತ್ತದೆ, ಇಲ್ಲಾಂದ್ರೆ ಎಲ್ಲಾ ಪ್ರಿಂಟಿನ ಹೂವೂ ಒಂದೇ ಸೈಜಿನದಾಗಿರುತ್ತದೆ. ಎಷ್ಟೋ ಸಲ ಎರಡೂ.

ತಿಳಿಪು ಅಂದರೆ ಏನು ಅಂತ ಗೊತ್ತಾಗಲು ಅಡುಗೆಮನೆಗೆ ಹೋಗಿ. ಒಂದು ತಟ್ಟೆಯಲ್ಲಿ ಅಕ್ಕಿ ಹಿಟ್ಟು, ಜೋಳದ ಹಿಟ್ಟು, ಗೋಧಿ ಹಿಟ್ಟು ಒಂದೊಂದು ಚಮಚ ಪಕ್ಕಪಕ್ಕ ಹಾಕಿ. ಬೇರೆ ಬೇರೆ ಡಬ್ಬಿಯಲ್ಲಿದ್ದಾಗ ಮೂರೂ ಹೆಚ್ಚುಕಮ್ಮಿ ಬಿಳಿಯೇ. ತಟ್ಟೆಯಲ್ಲಿ ಮಾತ್ರ ಮೂರು ಮೆಟ್ಟಿಲು ಸ್ಪಷ್ಟ ಕಾಣುತ್ತವೆ. ನಿಮ್ಮ ಕೌದಿಗೆ ಬೇಕಾದದ್ದು ಈ ಮೂರು ಮೆಟ್ಟಿಲು. ರಾಗಿ ಹಿಟ್ಟಿನವರೆಗೆ ಹೋಗುವುದು ಬೇಡ.

ಸೀರೆಗಳಲ್ಲಿ ಮೆಟ್ಟಿಲು ಇದೆಯೋ ಇಲ್ಲವೋ ನೋಡುವುದು ಸುಲಭ. ಹಗಲು ಬೆಳಕಿನಲ್ಲಿ ಎಲ್ಲವನ್ನೂ ನೆಲದ ಮೇಲೆ ಹರಡಿ, ಫೋನಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ. ತಿಳಿ ನೀಲಿ, ತಿಳಿ ಗುಲಾಬಿ, ತಿಳಿ ಹಸಿರು ಮೂರೂ ಒಂದೇ ಬೂದಿಯಾಗಿ ಕಂಡವೋ, ಅವನ್ನು ಪಕ್ಕಪಕ್ಕ ಇಟ್ಟರೆ ಕೂಡಿಕೊಂಡುಬಿಡುತ್ತವೆ ಅಂತ ಅರ್ಥ. ಫೋನ್ ಬೇಡ ಅನ್ನುವವರು ಕಣ್ಣು ಅರ್ಧ ಮುಚ್ಚಿ ದೂರದಿಂದ ನೋಡಿ, ಹೆಚ್ಚುಕಮ್ಮಿ ಅದೇ ಗೊತ್ತಾಗುತ್ತದೆ. ಹತ್ತು ತುಂಡಿಗೆ ಐದು ತೀರಾ ತಿಳಿ, ಮೂರು ನಡುವಿನದು, ಎರಡು ತಿಳಿಯಲ್ಲೇ ಸ್ವಲ್ಪ ಗಟ್ಟಿ ಬಣ್ಣದವು. ನನ್ನ ಲೆಕ್ಕ ಇದು, ಕಟ್ಟುನಿಟ್ಟೇನಿಲ್ಲ.

ಗಟ್ಟಿ ಬಣ್ಣದ ಎರಡು ಇಲ್ಲವೇ ಇಲ್ಲ ಅಂದರೆ? ಮನೆಯಲ್ಲಿ ಸ್ವಲ್ಪ ಢಾಳಾದ ಪ್ರಿಂಟಿನ ಕುರ್ತಾನೋ ಬೆಡ್‌ಶೀಟೋ ಇದ್ದರೆ ಅದನ್ನು ತಿರುಗಿಸಿ ಹಿಂಬದಿ ನೋಡಿ. ಪ್ರಿಂಟಿನ ಬಟ್ಟೆಯ ಹಿಂಬದಿ ಅಂದರೆ ಅದೇ ಬಣ್ಣ, ಧ್ವನಿ ಮಾತ್ರ ಇಳಿಸಿದ್ದು. ನನಗೆ ಗೊತ್ತಿರುವ ಎಲ್ಲಾ ಉಪಾಯಗಳಲ್ಲಿ ಇದೇ ನನಗೆ ಹೆಚ್ಚು ಇಷ್ಟ, ದುಡ್ಡಿಲ್ಲ ಕಾಸಿಲ್ಲ. ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಬಿಳಿಯನ್ನು ಕೆನೆ ಮಾಡುವವರೂ ಇದ್ದಾರೆ. ಚೆನ್ನಾಗಿ ಕಾಣುತ್ತದೆ, ಆದರೆ ಒಗೆದ ಹಾಗೆ ಬಣ್ಣ ಇಳಿಯುತ್ತದೆ. ಈಗಾಗಲೇ ಜೀರ್ಣವಾದ ಸೀರೆಗಂತೂ ಅದು ಬೇಡ.

ಇನ್ನು ಪ್ರಿಂಟಿನ ಸೈಜು. ಎಳ್ಳಿನಷ್ಟು ಚಿಕ್ಕಿ, ಗುಂಡಿಯಷ್ಟು ಬುಟ್ಟಾ, ಅಂಗೈಯಷ್ಟು ಹೂವು, ಒಂದು ಗೆರೆಯದು, ಒಂದು ಏನೂ ಇಲ್ಲದ ಸಾದಾ. ಇಷ್ಟು ಇದ್ದರೆ ಬಣ್ಣ ಒಂದೇ ಆದರೂ ತುಂಡು ತುಂಡಾಗಿಯೇ ಕಾಣುತ್ತದೆ. ಇಲ್ಲಿ ಸೀರೆಯೇ ನಮಗೆ ಅರ್ಧ ಕೆಲಸ ಮಾಡಿಕೊಟ್ಟಿರುತ್ತದೆ. ಒಡಲು ಒಂದು ಥರ, ಸೆರಗು ಇನ್ನೊಂದು, ಅಂಚು ಮತ್ತೊಂದು. ಅಂಚನ್ನು ಬಿಸಾಡಬೇಡಿ, ಒಂದಿಂಚಿನ ಪಟ್ಟಿ ಕತ್ತರಿಸಿ ತುಂಡುಗಳ ನಡುವೆ ಗೆರೆಯ ಹಾಗೆ ಕೂರಿಸಿ. ಕಪ್ಪು ಬಟ್ಟೆಯಿಂದ ಏನು ಬಯಸಿದ್ದಿರೋ ಅದನ್ನು ಈ ಅಂಚು ಕೊಡುತ್ತದೆ. ವಿದೇಶದ ಕೌದಿಯವರು ಇಂಥ ಮೆಲುದನಿಯ ಬಟ್ಟೆಗಳನ್ನು ‘ಲೋ ವಾಲ್ಯೂಮ್’ ಅಂತಲೇ ಕರೆಯುತ್ತಾರೆ, ರೇಡಿಯೋದ ಕಿವಿ ಹಿಂಡಿದ ಹಾಗೆ. ಜಪಾನಿನ ಯೋಕೊ ಸೈತೊ ಹೆಸರಾದದ್ದೇ ಮಣ್ಣು, ಬೂದಿಯಂಥ ಮಾಸಲು ಬಣ್ಣಗಳ ಕೌದಿಗಳಿಂದ. ಹಾಗಾಗಿ ಇದು ನಿಮ್ಮ ಬಟ್ಟೆಯ ದೋಷ ಅಂತ ಅಂದುಕೊಳ್ಳಬೇಡಿ.

ತುಂಡುಗಳನ್ನು ದೊಡ್ಡದಾಗಿ ಕತ್ತರಿಸಿ. ಎರಡಿಂಚಿನ ಚೌಕಗಳು ಕೆಂಪು-ಹಳದಿಗೆ ಸರಿ, ತಿಳಿ ಬಣ್ಣದಲ್ಲಿ ಅವು ಕಲಸಿದ ಹಿಟ್ಟಾಗುತ್ತವೆ. ಆರೂವರೆ ಇಂಚಿನ ಚೌಕ ಕತ್ತರಿಸಿ, ಸುತ್ತಲೂ ಕಾಲಿಂಚು ಹೊಲಿಗೆಗೆ ಬಿಟ್ಟರೆ ಆರಿಂಚು ಉಳಿಯುತ್ತದೆ. ಅಡ್ಡ 10, ಉದ್ದ 15, ಒಟ್ಟು 150 ತುಂಡು. 60 ಇಂಚು ಅಗಲ, 90 ಇಂಚು ಉದ್ದದ ಒಂಟಿ ಮಂಚದ ಕೌದಿ. ಅಡಿಯ ಪದರಕ್ಕೆ ಐದೂವರೆ ಮೀಟರಿನ ಒಂದು ಸೀರೆ ಸಾಕು: ಎರಡು ಉದ್ದ ಕತ್ತರಿಸಿ ಕೂಡಿಸಿದರೆ ಮುಗಿಯಿತು. ಆದರೆ ಆ ಸೀರೆ ಢಾಳಾದ ಪ್ರಿಂಟಿನದಾಗಿರಬಾರದು. ಮೇಲಿನದು ಮಲ್‌ಮಲ್‌ನಂಥ ತೆಳು ಬಟ್ಟೆಯಾದರೆ ಕೆಳಗಿನ ಹೂವು ಅಲ್ಲಿಂದಲೇ ಇಣುಕುತ್ತದೆ. ಕೊನೆಗೆ ಅದು ಕೊಳೆಯ ಹಾಗೆ ಕಾಣುತ್ತದೆ.

ಹಳೇ ಮಲ್‌ಮಲ್ ಕತ್ತರಿಗೆ ಸಿಗುವುದಿಲ್ಲ, ಜಾರುತ್ತದೆ. ತೆಳ್ಳನೆ ಗಂಜಿ ಹಾಕಿ ಇಸ್ತ್ರಿ ಮಾಡಿ, ಆಮೇಲೆ ಕತ್ತರಿಸಿ. ಮಶೀನಿನಲ್ಲಿ ಹೊಲಿಯುವುದಾದರೆ 9 ಅಥವಾ 11 ನಂಬರಿನ ಸಣ್ಣ ಸೂಜಿ. ದಪ್ಪ ಸೂಜಿ ತೂತು ಬಿಡುತ್ತದೆ.

ಆದರೆ ಸಾಧ್ಯವಿದ್ದರೆ ಕೈಯಲ್ಲೇ ಹೊಲಿಯಿರಿ ಅನ್ನುತ್ತೇನೆ, ಹಳೇ ಕಾಲದ ಮೇಲಿನ ಮೋಹದಿಂದ ಅಲ್ಲ. ಮಶೀನಿನಲ್ಲಿ ತುಂಡಿಗೆ ತುಂಡು ಜೋಡಿಸಿ ಇಸ್ತ್ರಿ ಹೊಡೆದರೆ ಕೂಡು ಚಪ್ಪಟೆಯಾಗಿ ಮಾಯವಾಗುತ್ತದೆ. ನಮ್ಮ ಕೌದಿಯಲ್ಲಿ, ಪಕ್ಕದ ಮನೆಯ ಮರಾಠಿ ಕಾಕೂನ ಗೋಧಡಿಯಲ್ಲೂ, ತುಂಡನ್ನು ಅಂಚು ಮಡಚಿ ನೇರವಾಗಿ ಅಸ್ತರದ ಮೇಲೇ ಇಟ್ಟು ಹೊಲಿಯುತ್ತಾರೆ. ಮಡಚಿದ ಕಡೆ ಸಣ್ಣ ದಿಣ್ಣೆ ಏಳುತ್ತದೆ. ಕಿಟಕಿಯ ಬೆಳಕು ಅಡ್ಡಲಾಗಿ ಬಿದ್ದಾಗ ಆ ದಿಣ್ಣೆಗೆ ನೆರಳು ಬೀಳುತ್ತದೆ, ಆ ನೆರಳೇ ಗೆರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿ ನೋಡಿದ್ದೀರಾ? ಪೋರ್ಚುಗೀಸರ ಕಾಲದಲ್ಲಿ ಗೋವಾಕ್ಕೆ ಗುಲಾಮರಾಗಿ ಬಂದ ಆಫ್ರಿಕನ್ನರು, ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದವರು, ಇವರ ಹಿರೀಕರಲ್ಲಿದ್ದಾರೆ. ಇವರು ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಬಟ್ಟೆ ಮಡಚಿ ‘ಫೂಲ’ ಅಂತ ಕೂರಿಸುತ್ತಾರೆ. ಅವರ ಬಣ್ಣಗಳು ಜೋರು, ನಿಜ. ನೀವು ಕದಿಯಬೇಕಾದದ್ದು ಬಣ್ಣವನ್ನಲ್ಲ, ಆ ಸುತ್ತುವ ಹೊಲಿಗೆಯನ್ನು. ತುಂಡುಗಳು ಎಷ್ಟೇ ಫಿಕಾ ಇರಲಿ, ಚೌಕದೊಳಗೆ ಚೌಕವಾಗಿ ಹೋಗುವ ಹೊಲಿಗೆಯ ಸಾಲು ಕಣ್ಣನ್ನು ಹಿಡಿದುಕೊಳ್ಳುತ್ತದೆ.

ಅದಕ್ಕೇ ದಾರದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು. ತಿಳಿ ಬಣ್ಣ ಅಂತ ಎಲ್ಲರೂ ಬಿಳಿ ದಾರ ತರುತ್ತಾರೆ, ನನ್ನ ಪ್ರಕಾರ ಮುಕ್ಕಾಲು ಮಂಕು ಅಲ್ಲಿಂದಲೇ. ನಿಮ್ಮ ನಡುವಿನ ಮೆಟ್ಟಿಲಿನ ಬಟ್ಟೆಗಿಂತ ಒಂದು ಮೆಟ್ಟಿಲು ಗಟ್ಟಿ ಬಣ್ಣದ ದಾರ ತನ್ನಿ. ಬೂದಿ, ಗೋಧಿ ಬಣ್ಣ, ಮಾಸಲು ನೀಲಿ. ಎರಡೆಳೆ ಮಾಡಿ ಅರ್ಧ ಇಂಚಿಗೊಂದು ಸಾಲಿನಂತೆ ಓಡು ಹೊಲಿಗೆ ಹಾಕಿ, ಕಾಕೂ ಇದಕ್ಕೆ ‘ಧಾವ್ ದೋರಾ’ ಅನ್ನುತ್ತಾರೆ. ತಿಳಿ ತುಂಡಿನ ಮೇಲೆ ದಾರ ಕಾಣುತ್ತದೆ, ಗಟ್ಟಿ ತುಂಡಿನ ಮೇಲೆ ಮುಳುಗುತ್ತದೆ, ಇಷ್ಟರಲ್ಲೇ ಆಟ ಬಂತು. ಬಂಗಾಳದ ಕಾಂತಾದಲ್ಲಿ ಹಿಂದೆ ಹಳೇ ಸೀರೆಯ ಅಂಚಿನಿಂದಲೇ ಎಳೆ ಬಿಡಿಸಿ ಹೊಲಿಯುತ್ತಿದ್ದರಂತೆ. ನಾನೂ ಒಮ್ಮೆ ಬಿಡಿಸಲು ಕೂತೆ. ಎರಡು ಸಂಜೆ ಹೋಯಿತು, ಸಿಕ್ಕಿದ್ದು ಒಂದು ಮೂಲೆಗೆ ಆಗುವಷ್ಟು, ಆಮೇಲೆ ಸುಮ್ನೆ ಅಂಗಡಿಗೆ ಹೋದೆ.

ಅಂಗಡಿ ಅಂದ ಮೇಲೆ ಒಂದು ಮಾತು. ಮುಂಬೈನ ಮಂಗಲ್‌ದಾಸ್ ಮಾರ್ಕೆಟ್‌ಗೆ ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು, ಮಲ್‌ಮಲ್, ಕೇಂಬ್ರಿಕ್ ರಾಶಿ ರಾಶಿ. ಆದರೆ ಸೂರಿನ ಕೆಳಗಿನ ಮಾರ್ಕೆಟ್, ಟ್ಯೂಬ್‌ಲೈಟ್ ಬೆಳಕು. ಅಲ್ಲಿ ಕೆನೆ ಅಂತ ತಂದದ್ದು ಮನೆಗೆ ಬಂದರೆ ಹಸಿರು ಹೊಡೆಯುತ್ತದೆ. ಕೈಯಲ್ಲಿ ನಿಮ್ಮ ಸೀರೆಯ ತುಂಡು ಇರಲಿ, ಬಾಗಿಲ ಬಳಿ ಹಗಲು ಬೆಳಕಿಗೆ ಹಿಡಿದು ನೋಡುತ್ತೇನೆ ಅಂತ ಹೇಳಿ. ಯಾರೂ ಬೇಡ ಅನ್ನುವುದಿಲ್ಲ, ಮುಖ ಸ್ವಲ್ಪ ಗಂಟು ಹಾಕಬಹುದು. ತಂದ ಹೊಸ ಬಟ್ಟೆ ಯಾವುದೇ ಇರಲಿ, ಒದ್ದೆ ಬಿಳಿ ಚಿಂದಿಯಿಂದ ಉಜ್ಜಿ ಬಣ್ಣ ಬಿಡುತ್ತದಾ ನೋಡಿ, ಒಗೆದು, ಆಮೇಲೆ ಕತ್ತರಿ. ನನ್ನ ಮರೂನ್ ನೆನಪಿರಲಿ.

ಮಧ್ಯದ ಪದರಕ್ಕೆ ಮಾತ್ರ ಬೇಕಂತಲೇ ಒಗೆಯದ ಹೊಸ ಕಾಟನ್ ಫ್ಲಾನೆಲ್ ಹಾಕುತ್ತೇನೆ, ಬಿಳಿಯದು, ಬಣ್ಣ ಬಿಡುವ ಭಯವಿಲ್ಲ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತದೆ. ಮೇಲಿನ ಹಳೇ ಸೀರೆ ಕುಗ್ಗುವುದೆಲ್ಲ ಕುಗ್ಗಿ ಮುಗಿದಿರುತ್ತದೆ. ಒಳಗಿನದು ಎಳೆದುಕೊಂಡಾಗ ಮೇಲಿನದು ಹೊಲಿಗೆ ಹೊಲಿಗೆಯ ನಡುವೆ ಉಬ್ಬಿ ಸಣ್ಣ ಸಣ್ಣ ಸುಕ್ಕು ಬರುತ್ತದೆ, ಹಪ್ಪಳದ ಮೈ ಹಾಗೆ. ಪ್ರತಿ ಸುಕ್ಕಿಗೂ ಒಂದು ನೆರಳು. ಹೊಲಿದು ಮುಗಿಸಿದ ದಿನ ಸಪ್ಪೆ ಅನ್ನಿಸಿದ ಕೌದಿ ಒಗೆದ ಮೇಲೆ ಬೇರೆಯೇ ಆಗುವುದು ಇದಕ್ಕೇ.

ಆದ್ದರಿಂದ 150 ತುಂಡು ಕತ್ತರಿಸುವ ಮೊದಲು ಒಂಬತ್ತೇ ತುಂಡಿನದೊಂದು ಮಾಡಿ. ಮೂರಕ್ಕೆ ಮೂರು, ಹದಿನೆಂಟು ಇಂಚಿನ ಚೌಕ, ಮೂರೂ ಪದರ ಸೇರಿಸಿ. ಒಂದು ಅರ್ಧಕ್ಕೆ ಬಿಳಿ ದಾರ, ಇನ್ನೊಂದು ಅರ್ಧಕ್ಕೆ ಬೂದಿ ದಾರ. ಒಗೆದು, ಒಣಗಿಸಿ, ಕಿಟಕಿ ಪಕ್ಕ ಹಾಸಿ ನೋಡಿ. ಅಷ್ಟಾದರೂ ಏನೋ ಕಮ್ಮಿ ಅನ್ನಿಸಿದರೆ ಆಗ ಅವ್ವನ ದೃಷ್ಟಿಬೊಟ್ಟು ಇಡಿ. ಎಲ್ಲೋ ಒಂದು ಮೂಲೆಗೆ, ನಡುವಿಗೆ ಬೇಡ, ಎರಡಿಂಚಿನ ಒಂದೇ ಒಂದು ಗಾಢ ತುಂಡು. ಚೌಕ ಹೇಗೂ ಹಾಳಾಗುವುದಿಲ್ಲ, ಬೆಕ್ಕಿಗೋ ಕುಕ್ಕರಿನ ಕೆಳಗೋ ಆಗುತ್ತದೆ.

ಮಳೆಗಾಲದಲ್ಲಿ ಮಾತ್ರ ಶುರು ಮಾಡಬೇಡಿ. ಇಲ್ಲಿ ಜುಲೈ ತಿಂಗಳಲ್ಲಿ ಮೂರು ಪದರದ ಕೌದಿ ಒಗೆದರೆ ಮೂರು ದಿನ ಫ್ಯಾನಿನ ಕೆಳಗೂ ಒಣಗುವುದಿಲ್ಲ, ಬೂಷ್ಟು ಹಿಡಿದರೆ ತಿಳಿ ಬಣ್ಣದ ಮೇಲೆ ಕರಿ ಚುಕ್ಕಿ ಉಳಿದೇ ಉಳಿಯುತ್ತದೆ. ಗಣಪತಿ ಹೋಗಲಿ, ಬಿಸಿಲು ಬರಲಿ.