ಡಿಫೆನ್ಸಿವ್ ಬ್ಯಾಕ್ ಎಂದರೆ ಯಾರು?

ಅಮೆರಿಕನ್ ಫುಟ್‌ಬಾಲ್ ನೋಡುವಾಗ ಎಲ್ಲರ ಕಣ್ಣೂ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೇ ಇರುತ್ತದೆ. ಆ ಎಸೆತ ಅವನ ಕಡೆಯವರ ಕೈ ಸೇರದಂತೆ ತಡೆಯುವವರೇ ಡಿಫೆನ್ಸಿವ್ ಬ್ಯಾಕ್‌ಗಳು. ಅಂಚುಗಳಲ್ಲಿ ನಿಲ್ಲುವ ಇಬ್ಬರು ಕಾರ್ನರ್‌ಬ್ಯಾಕ್. ಎಲ್ಲರಿಗಿಂತ ಹಿಂದೆ ನಿಲ್ಲುವ ಇಬ್ಬರು ಸೇಫ್ಟಿ, ಅವರ ಕೈತಪ್ಪಿದರೆ ತಡೆಯೋಕೆ ಬೇರೆ ಯಾರೂ ಇಲ್ಲ. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಈಗ ಪಾಸ್ ಆಟವೇ, ಅಂದರೆ ಚೆಂಡು ಎಸೆದು ಮುನ್ನುಗ್ಗುವುದೇ ಜಾಸ್ತಿ. ಹಾಗಾಗಿ ಈ ನಾಲ್ವರ ಜೊತೆ ಐದನೆಯವನನ್ನೂ ಇಳಿಸುವುದು ಮಾಮೂಲಾಗಿದೆ. ಅವನೇ ನಿಕಲ್ ಬ್ಯಾಕ್.

ನನ್ನ ಪ್ರಕಾರ ಮೈದಾನದಲ್ಲಿ ಇದಕ್ಕಿಂತ ಕಷ್ಟದ ಕೆಲಸಗಳು ಕಡಿಮೆ. ತಾನು ಎಲ್ಲಿ ತಿರುಗುತ್ತೇನೆ ಅಂತ ಎಸೆತ ಹಿಡಿಯಲು ಓಡುವ ರಿಸೀವರ್‌ಗೆ ಮೊದಲೇ ಗೊತ್ತು. ಕಾರ್ನರ್‌ಬ್ಯಾಕ್‌ಗೆ ಗೊತ್ತಿಲ್ಲ, ಅವನು ಹಿಮ್ಮುಖವಾಗಿ ಓಡುತ್ತಲೇ ಎದುರಿನವನ ಸೊಂಟ ಯಾವ ಕಡೆ ವಾಲುತ್ತದೆ ಎಂದು ನೋಡಿ ಆ ಕ್ಷಣಕ್ಕೇ ಮೈ ತಿರುಗಿಸಬೇಕು. ಸುಮ್ನೆ ತಳ್ಳಿ ತಡೆಯೋಣ ಎಂದರೆ ಅದಕ್ಕೂ ಅಡ್ಡಿಯಿದೆ. ಚೆಂಡು ಹೊರಟ ಗೆರೆಯಿಂದ ಐದು ಗಜ ದಾಟಿದ ಮೇಲೆ ರಿಸೀವರ್‌ನನ್ನು ತಳ್ಳುವಂತಿಲ್ಲ ಎಂಬ ನಿಯಮ 1978ರಲ್ಲಿ ಬಂತು. ಚೆಂಡು ಗಾಳಿಯಲ್ಲಿರುವಾಗ ಅವನನ್ನು ಹಿಡಿದೆಳೆದರೆ ಪಾಸ್ ಇಂಟರ್‌ಫಿಯರೆನ್ಸ್ ಎಂಬ ತಪ್ಪು. ಆ ತಪ್ಪು 40 ಗಜ ಮುಂದೆ ನಡೆದಿದ್ದರೆ ಎದುರಾಳಿಗೆ 40 ಗಜವೂ ಪುಕ್ಕಟೆ!

ಇಷ್ಟಾದರೂ ಒಳ್ಳೆಯ ಕಾರ್ನರ್‌ಬ್ಯಾಕ್‌ನ ಹೆಸರು ಅಂಕಿಅಂಶಗಳಲ್ಲಿ ಕಾಣದೇ ಇರಬಹುದು. ಅವನು ಅಂಟಿಕೊಂಡೇ ಓಡುತ್ತಿದ್ದರೆ ಆ ಕಡೆ ಚೆಂಡೇ ಬರುವುದಿಲ್ಲ, ಅಲ್ವಾ? ಬರೀ ಇಂಟರ್‌ಸೆಪ್ಷನ್ (ಎದುರಾಳಿಯ ಎಸೆತವನ್ನು ತಾನೇ ಹಿಡಿಯುವುದು) ಎಣಿಸಿ ಇವರನ್ನು ಅಳೆಯಬಾರದು.

2013ರ ಸೀಸನ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್‌ರ ಡೆನ್ವರ್ ತಂಡ 606 ಅಂಕ ಗಳಿಸಿ ದಾಖಲೆ ಮಾಡಿತ್ತು. ಆದರೆ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಎದುರಿಗಿದ್ದವರು ಸಿಯಾಟಲ್‌ನ ಡಿಫೆನ್ಸಿವ್ ಬ್ಯಾಕ್‌ಗಳಾದ ರಿಚರ್ಡ್ ಶರ್ಮನ್, ಅರ್ಲ್ ಥಾಮಸ್, ಕ್ಯಾಮ್ ಚಾನ್ಸೆಲರ್. ಮೂರನೇ ಕ್ವಾರ್ಟರ್‌ನ ಕೊನೇ ಆಟದ ತನಕ ಡೆನ್ವರ್‌ಗೆ ಒಂದು ಅಂಕವೂ ಸಿಗಲಿಲ್ಲ. 43-8ರಲ್ಲಿ ಸೋತಿತು.

ಮರುವರ್ಷದ ಸೂಪರ್ ಬೌಲ್‌ನಲ್ಲಿ ಇದೇ ಸಿಯಾಟಲ್‌ಗೆ ಗೆಲ್ಲಲು ಒಂದೇ ಗಜ ಬಾಕಿ ಇತ್ತು, ಅರ್ಧ ನಿಮಿಷವೂ ಉಳಿದಿರಲಿಲ್ಲ. ನ್ಯೂ ಇಂಗ್ಲೆಂಡ್ ಪರ ಆಡುತ್ತಿದ್ದ ಕಾರ್ನರ್‌ಬ್ಯಾಕ್ ಮಾಲ್ಕಮ್ ಬಟ್ಲರ್, ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಯಾರೂ ಆರಿಸದ ಹೊಸ ಹುಡುಗ. ಸಿಯಾಟಲ್ ಈಗ ಹೂಡಿದ ತಂತ್ರವನ್ನೇ ಅಭ್ಯಾಸದಲ್ಲಿ ಆಡಿಸಿದಾಗ ಅವನು ತಡವಾಗಿ ಹೋಗಿ ಸೋತಿದ್ದ. ಈ ಸಲ ಇಬ್ಬರು ರಿಸೀವರ್‌ಗಳು ಒಬ್ಬರ ಹಿಂದೊಬ್ಬರು ನಿಂತಿದ್ದನ್ನು ನೋಡಿದವನೇ ಚೆಂಡು ಬೀಳುವ ಜಾಗಕ್ಕೆ ನುಗ್ಗಿದ, ರಿಸೀವರ್‌ಗಿಂತ ಮೊದಲೇ ತಲುಪಿ ಚೆಂಡು ಹಿಡಿದುಬಿಟ್ಟ. ನ್ಯೂ ಇಂಗ್ಲೆಂಡ್ 28-24ರಿಂದ ಗೆದ್ದಿತು.